ಆಳು ಇಳಿಯುವ ಹಗ್ಗ

ಹೋದ ತಿಂಗಳು ತಾರಸಿಯ ಕುಂಡಗಳಿಗೆಂದು ನರ್ಸರಿಯಿಂದ ಕೋಕೋಪೀಟಿನ ಇಟ್ಟಿಗೆಯೊಂದನ್ನು ತಂದಿದ್ದೆ. ತೆಂಗಿನ ನಾರಿನ ಪುಡಿಯನ್ನು ಒತ್ತಿ ಮಾಡಿದ ಇಟ್ಟಿಗೆ ಅದು. ಬಕೆಟ್ಟಿನ ನೀರಿನಲ್ಲಿ ನೆನೆಯಲು ಬಿಟ್ಟು, ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಬಕೆಟ್ಟು ತುಂಬ ಉಬ್ಬಿಕೊಂಡಿತ್ತು. ಬಗ್ಗಿ ಕೈ ಹಾಕಿದೆ. ಆ ವಾಸನೆ... ಕೆರೆಯಂಚಿನ ಗುಂಡಿಯಲ್ಲಿ ತಿಂಗಳುಗಟ್ಟಲೆ ಕೊಳೆತ ತೆಂಗಿನ ಮಟ್ಟೆಯ ವಾಸನೆ. ಹೊಸಬರಾದರೆ ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಬಕೆಟ್ಟಿನ ಪಕ್ಕದಲ್ಲೇ ಕುಳಿತುಬಿಟ್ಟೆ. ದೊಡ್ಡವ್ವ ನೆನಪಾದಳು.

ದೊಡ್ಡವ್ವ ನನಗೆ ನೆಂಟಳಲ್ಲ. ಊರಿಗೆಲ್ಲ ದೊಡ್ಡವ್ವ, ಆದ್ದರಿಂದ ನನಗೂ. ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿದ್ದ ನಾನು, ಕಾಲೇಜಿನ ಕೆಲಸಕ್ಕೆ ಕಾದು ಕಾದು ಸಾಕಾಗಿ, ಮಾಯಸಂದ್ರದ ಆಚೆಯ ಒಂದು ಹಳ್ಳಿಗೆ ಮಿಡ್ಲ್ ಸ್ಕೂಲಿನ ಮೇಡಮ್ಮಾಗಿ ಬಂದಿದ್ದೆ. ಬಸ್ಸಿಳಿದು ತೆಂಗಿನ ತೋಟಗಳ ನಡುವೆ ಒಂದೂವರೆ ಮೈಲಿ ನಡೆಯಬೇಕು. ಬಾಡಿಗೆಗೆ ಸಿಕ್ಕ ಕೋಣೆಯ ಅಟ್ಟದ ತುಂಬ ಮನೆಯವರ ಕಾಯಿ. ಒಳಗಿನ ನೀರು ಇಂಗಿ ಕೊಬ್ಬರಿಯಾಗುವ ತನಕ ಅವು ವರ್ಷವಿಡೀ ನನ್ನ ತಲೆಯ ಮೇಲೆಯೇ ಇರುತ್ತಿದ್ದವು. ಗೋಡೆಯಾಚೆ ದೊಡ್ಡವ್ವನ ಮನೆ. ಮೊದಮೊದಲು ನಾನು ಅವಳನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದೆ. ತಾನೇನು ಸ್ಕೂಲ್ ಇನ್‌ಸ್ಪೆಕ್ಟರೇ ಎಂದು ಅವಳು ಗದರಿದ ಮೇಲೆ ಬಿಟ್ಟೆ.

ಅರವತ್ತು ದಾಟಿದ ಹೆಂಗಸು. ಗಂಡ ಕಪಿಲೆ ಹೊಡೆಯುತ್ತಿದ್ದವನು, ಅಂದರೆ ಎತ್ತುಗಳಿಂದ ಬಾವಿಯ ನೀರೆತ್ತಿಸಿ ತೋಟಕ್ಕೆ ಹಾಯಿಸುತ್ತಿದ್ದವನು. ಪಂಪ್‌ಸೆಟ್ಟುಗಳು ಬರುವ ಮೊದಲೇ ತೀರಿಕೊಂಡಿದ್ದ. ದೊಡ್ಡವ್ವ ಹಗ್ಗ ಹೊಸೆದು ಬದುಕುತ್ತಿದ್ದಳು. ಕೊಳೆತ ಮಟ್ಟೆಯನ್ನು ಕೊಡತಿಯಿಂದ ಬಡಿದು, ನಾರು ಬಿಡಿಸಿ, ಒಣಗಿಸಿ, ಅಂಗೈಯಲ್ಲಿ ಹುರಿ ಮಾಡಿ, ಹುರಿಗಳನ್ನು ಎಳೆಯಾಗಿ, ಎಳೆಗಳನ್ನು ಹಗ್ಗವಾಗಿ... ಒಮ್ಮೆ ಕಣಿ ಹೇಳುವವಳು ಬಂದು ಅವಳ ಕೈ ನೋಡಿ, ಇದರಲ್ಲಿ ಓದುವುದಕ್ಕೆ ಗೆರೆಯೇ ಉಳಿದಿಲ್ಲವಲ್ಲ ಎಂದು ಎದ್ದು ಹೋಗಿದ್ದಳಂತೆ. ಅದನ್ನು ಬಂದವರಿಗೆಲ್ಲ ಹೇಳಿಕೊಂಡು ಬೀಗುತ್ತಿದ್ದಳು.

ಹಗ್ಗ ಕೇಳಲು ಯಾರು ಬಂದರೂ ಅವಳ ಮೊದಲ ಮಾತು, ಏನು ಕೆಲಸಕ್ಕೆ ಎಂಬುದು. ಕರು ಕಟ್ಟಲು ಎಂದರೆ ಒಂದು, ಬಂಡಿಯ ಹೊರೆ ಬಿಗಿಯಲು ಎಂದರೆ ಇನ್ನೊಂದು, ನೀರು ಸೇದಲು ಎಂದರೆ ಮತ್ತೊಂದು. ಯಾವುದೋ ಒಂದು ಕೊಡವ್ವ ಎಂದವನನ್ನು ಬರಿಗೈಯಲ್ಲಿ ಕಳಿಸಿದ್ದನ್ನು ನಾನೇ ಕಂಡಿದ್ದೇನೆ. ಆಗ ನನಗೆ ಅದು ಮುದುಕಿಯ ಹಠವೆನಿಸಿತ್ತು.

ಮೈಸೂರಿನಲ್ಲಿ ನನಗೆ ಪಾಠ ಹೇಳಿದ್ದ ಪ್ರಾಧ್ಯಾಪಕರೊಬ್ಬರು ಅದೇ ವರ್ಷ ಹಳ್ಳಿಯ ಕಸುಬುಗಳ ಪದಗಳನ್ನು ಕೂಡಿಸುತ್ತಿದ್ದರು. ಪದ, ಅರ್ಥ, ಗೊತ್ತಾದರೆ ಮೂಲ, ಇಷ್ಟನ್ನು ಬರೆದು ಕಳಿಸಿ ಎಂದು ನನಗೂ ಕಾಗದ ಹಾಕಿದರು. ನನಗೋ ಹಿಡಿಸಲಾರದಷ್ಟು ಸಂತೋಷ. ದಪ್ಪ ನೋಟ್‌ಬುಕ್ಕು ತಂದು, ಸಂಜೆ ಸ್ಕೂಲು ಬಿಟ್ಟ ಮೇಲೆ ದೊಡ್ಡವ್ವನ ಜಗುಲಿಯ ಮೇಲೆ ಕೂರತೊಡಗಿದೆ. ನಿಜ ಹೇಳಬೇಕೆಂದರೆ ಕಲಿಯುವುದಕ್ಕಿಂತ ಕಲಿಸುವ ಹುಮ್ಮಸ್ಸೇ ನನಗೆ ಹೆಚ್ಚಿತ್ತು. ಹಗ್ಗಕ್ಕೆ ಹಳಗನ್ನಡದಲ್ಲಿ ಪಗ್ಗ ಎನ್ನುತ್ತಿದ್ದರು, ಅದು ಸಂಸ್ಕೃತದ ಪ್ರಗ್ರಹದಿಂದ ಬಂದದ್ದೆಂದು ತಿಳಿದವರು ಹೇಳುತ್ತಾರೆ, ಪ್ರಗ್ರಹವೆಂದರೆ ಬಿಗಿಯಾಗಿ ಹಿಡಿಯುವುದು, ಕುದುರೆಯ ಲಗಾಮು ಎಂದೆಲ್ಲ ವಿವರಿಸಿದೆ. ದೊಡ್ಡವ್ವ ಹುರಿ ಹೊಸೆಯುತ್ತಲೇ ಕೇಳಿಸಿಕೊಂಡು, ಕುದುರೆ ಇದ್ದವರು ಹಾಗೆ ಅಂದಿರಬಹುದು, ನಮ್ಮೂರಲ್ಲಿ ಯಾವತ್ತೂ ಕುದುರೆ ಇರಲಿಲ್ಲ ಎಂದಳು.

ಕಣ್ಣಿ ಎಂಬ ಪದಕ್ಕೆ ಅವಳದೇ ಒಂದು ಮೂಲವಿತ್ತು. ದನ ಕಣ್ಣಳತೆಯಲ್ಲಿ ಇರಲಿ ಎಂದು ಕಟ್ಟುವ ಹಗ್ಗ, ಅದಕ್ಕೇ ಕಣ್ಣಿ. ಕುಣಿಕೆಯ ತೂತು ಕಣ್ಣಿನ ಹಾಗಿರುವುದರಿಂದ ಆ ಹೆಸರು ಬಂದಿರಬೇಕೆಂದು ನಾನು ವಾದಿಸಿದೆ. ಇಬ್ಬರೂ ಸೋಲಲಿಲ್ಲ. ಹುರಿದುಂಬಿಸುವುದು ಎನ್ನುತ್ತೇವಲ್ಲ, ಆ ಮಾತಿನ ಒಳಗಿರುವುದು ನೀನು ಹೊಸೆಯುವ ಈ ಹುರಿಯೇ ಎಂದಾಗ ಮಾತ್ರ ಅವಳ ಮುಖ ಅರಳಿತು. ಹುರಿ ತುಂಬದಿದ್ದರೆ ಮನುಷ್ಯರೂ ಬರೀ ನಾರೇ ಎಂದು ನಕ್ಕಳು. ಎಳೆಯುವುದು, ಸೇದುವುದು, ಜಗ್ಗುವುದು ಮೂರೂ ಒಂದೇ ತಾನೇ ಎಂದು ನಾನು ಕೇಳಿದ ದಿನ, ಕೈಯಲ್ಲಿದ್ದ ನಾರನ್ನು ಕೆಳಗಿಟ್ಟು ನನ್ನನ್ನು ನೋಡಿದಳು.

“ಬಂಡಿ ಎಳೀತೀವಿ. ನೀರು ಸೇದ್ತೀವಿ. ಜಗ್ಗೋದು ಜಗಳದಾಗೆ ಕಣವ್ವ. ಅಷ್ಟೂ ಗೊತ್ತಿಲ್ದೆ ಮಕ್ಕಳಿಗೆ ಏನ್ ಹೇಳ್ಕೊಡ್ತೀಯ?”

ಒಂದು ಪದವನ್ನು ಮಾತ್ರ ಅವಳು ಬಾಯಲ್ಲಿ ಆಡುತ್ತಿರಲಿಲ್ಲ. ಅದನ್ನು ನಾನೇ ಎತ್ತಿದೆ. ನೇಣು ಎಂಬುದು ಮೊದಲು ಕೆಟ್ಟ ಮಾತಲ್ಲ, ಹಳಗನ್ನಡದಲ್ಲಿ ನೇಣ್ ಎಂದರೆ ಬರೀ ದಾರ, ಹಗ್ಗ, ಯಾವ ಹಗ್ಗವಾದರೂ ಸರಿ. ಆಮೇಲಾಮೇಲೆ ಅದು ಕೊರಳಿಗೆ ಬಿತ್ತು ಎಂದೆ.

“ಪಾಪ, ಒಳ್ಳೆ ಮಾತ್ನ ಯಾರೋ ಕೆಟ್ಟ ಕೆಲಸಕ್ಕೆ ಹಚ್ಚವ್ರೆ,” ಎಂದಳು. “ಹಗ್ಗಾನೂ ಅಂಗೇಯ. ಅದರ ಕೆಲಸ ಬುಟ್ಟು ಬ್ಯಾರೆ ಕೆಲಸಕ್ಕೆ ಹಚ್ಚುದ್ರೆ ಕೆಟ್ಟೋಯ್ತದೆ.”

ಆ ಮಾತನ್ನು ಬರೆದುಕೊಳ್ಳಬೇಕೆಂದು ಕೂಡ ನನಗೆ ಹೊಳೆಯಲಿಲ್ಲ. ನನ್ನ ಪಟ್ಟಿಯಲ್ಲಿ ಮಿಣಿ, ಕಣ್ಣಿ, ಹುರಿ, ನೇಣು ಎಲ್ಲದರ ಮುಂದೆಯೂ ‘ನೋಡಿ: ಹಗ್ಗ’ ಎಂದಷ್ಟೇ ಇತ್ತು. ಮಿಣಿ ಎಂದರೆ ಕಪಿಲೆಗೆ ಕಟ್ಟುವ ಚರ್ಮದ ಹಗ್ಗ, ಅದರಲ್ಲಿ ನಾರೇ ಇಲ್ಲ ಎಂದು ಅವಳು ಎರಡು ಸಲ ಹೇಳಿದ್ದಳು. ಎಂ.ಎ. ಮಾಡಿದವಳ ಕಿವಿಗೆ ಅದು ಬಿದ್ದಿರಲಿಲ್ಲ.

ಅವಳ ನಡುಮನೆಯ ಗೋಡೆಯಲ್ಲಿ ಒಂದು ಗೂಟ. ಆ ಗೂಟಕ್ಕೆ ಒಂದೇ ಒಂದು ಹಗ್ಗವನ್ನು ಸುತ್ತಿ ತೂಗುಹಾಕಿತ್ತು. ಅದು ಆಳಿನ ಹಗ್ಗ. ಬಾವಿಗೆ ಆಳನ್ನು ಇಳಿಸುವುದಕ್ಕೆ, ಮತ್ತೆ ಮೇಲಕ್ಕೆ ಸೇದುವುದಕ್ಕೆ ಮಾತ್ರ. ಹೂಳೆತ್ತಬೇಕಾದಾಗ, ಬಿದ್ದ ಕೊಡ ತೆಗೆಯಬೇಕಾದಾಗ ಊರವರು ಬಂದು ಕೇಳುತ್ತಿದ್ದರು, ದೊಡ್ಡವ್ವ ಅದನ್ನು ಹೆಗಲಿಗೆ ಹಾಕಿಕೊಂಡು ತಾನೇ ಹೋಗುತ್ತಿದ್ದಳು. ಅದನ್ನು ಮಾರುವಂತಿಲ್ಲ, ದಾಟುವಂತಿಲ್ಲ, ಬೇರೆ ಯಾವ ಭಾರವನ್ನೂ ಅದಕ್ಕೆ ಕಟ್ಟುವಂತಿಲ್ಲ. ಇದನ್ನೆಲ್ಲ ಅವಳು ನನಗೆ ಹೇಳಿದ್ದಳು. ಹೇಳುತ್ತಿದ್ದಾಗ ನಾನು, ಆಳ್ ಎಂಬ ಪದ ಎಷ್ಟು ಹಳೆಯದು, ತಮಿಳಿನಲ್ಲೂ ಅದೇ ಇದೆಯಲ್ಲ ಎಂದು ಯೋಚಿಸುತ್ತಿದ್ದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು ಇಷ್ಟು: ಆಳಿನ ಹಗ್ಗ, ದಪ್ಪ ಹಗ್ಗ.

ಬೇಸಿಗೆಗೆ ಸ್ವಲ್ಪ ಮುಂಚೆ ಒಂದು ಭಾನುವಾರ ದೊಡ್ಡವ್ವ ಬೀಗದ ಕೈಯನ್ನು ನನಗೆ ಕೊಟ್ಟು, ಚಿಕ್ಕನಾಯಕನಹಳ್ಳಿಯ ಕಡೆಗಿದ್ದ ತಂಗಿಯ ಮನೆಗೆ ಹೋಗಿದ್ದಳು. ಊರಿನ ಜನವೆಲ್ಲ ಒಂದು ಮದುವೆಗೆ ಹೊರಟುಹೋಗಿದ್ದರು. ಹಿಂದಿನ ದಿನ ಅಕಾಲದ ಮಳೆ ಬಿದ್ದು, ಕಾಯಿ ತುಂಬಿದ ಲಾರಿಯೊಂದು ಕೆರೆ ಏರಿಯ ಕೆಳಗೆ ಹೂತುಕೊಂಡಿತ್ತು. ಡ್ರೈವರು ಬಂದು, ಗಟ್ಟಿ ಹಗ್ಗ ಇದ್ದರೆ ಕೊಡಿ ಎಂದು ಕೈಮುಗಿದ. ನಾನು ಬೀಗ ತೆಗೆದೆ. ಜಗುಲಿಯ ಮೂಲೆಯಲ್ಲಿ ಎಷ್ಟೋ ಹಗ್ಗಗಳಿದ್ದವು. ಎಲ್ಲಕ್ಕಿಂತ ಗಟ್ಟಿ ಯಾವುದೆಂದು ನೋಡಿ, ಗೂಟದಲ್ಲಿದ್ದದ್ದನ್ನೇ ಇಳಿಸಿ ಕೊಟ್ಟೆ. ಏರಿಯಾಚೆಯ ತೋಟದಿಂದ ಎರಡು ಜೊತೆ ಎತ್ತು ತಂದು ಎಳೆಸಿದರಂತೆ, ಲಾರಿ ಮೇಲೆ ಬಂತು. ಡ್ರೈವರು ಹಗ್ಗವನ್ನು ತೊಳೆದು ತಂದುಕೊಟ್ಟ. ನಾನು ಬಿಸಿಲಿಗೆ ಒಣಗಿಸಿ, ಮೊದಲಿದ್ದ ಹಾಗೆಯೇ ಸುತ್ತಿ ಗೂಟಕ್ಕೆ ಹಾಕಿದೆ. ಉಪಕಾರ ಮಾಡಿದೆನೆಂದು ಹಿಗ್ಗಿ, ದೊಡ್ಡವ್ವನಿಗೆ ಹೇಳದೆಯೇ ನಾಲ್ಕು ದಿನದಲ್ಲಿ ಮರೆತೇಬಿಟ್ಟೆ.

ಏಪ್ರಿಲ್ಲಿನಲ್ಲಿ ಊರಿನ ಸೇದೋ ಬಾವಿ ಬತ್ತಿತು. ಹೆಂಗಸರು ಮುಕ್ಕಾಲು ಮೈಲಿ ದೂರದ ತೋಟದ ಪಂಪ್‌ಸೆಟ್ಟಿಗೆ ಹೋಗಿ, ಕರೆಂಟು ಬರುವ ತನಕ ಕೊಡ ಇಟ್ಟುಕೊಂಡು ಕಾಯಬೇಕಾಯಿತು. ಪಂಚಾಯ್ತಿಯ ಚೇರ್ಮನ್ನರು ಬಾವಿಯನ್ನು ಇನ್ನೊಂದು ಆಳುದ್ದ ತೋಡಿಸಲು ಬಾವಿ ಕೆಲಸದವನೊಬ್ಬನನ್ನು ಕರೆಸಿದರು. ಇನ್ನೂ ಚಿಕ್ಕ ವಯಸ್ಸಿನವನು. ಅವನ ಹೆಂಡತಿ ಕೂಸನ್ನು ಮಡಿಲಲ್ಲಿಟ್ಟುಕೊಂಡು ಬಾವಿಕಟ್ಟೆಯ ಪಕ್ಕ ಕೂತಿದ್ದಳು. ಅಂದು ಸ್ಕೂಲಿಗೆ ರಜೆ, ಬೆಳಿಗ್ಗೆ ನಾನೂ ನೋಡಲು ಹೋದೆ.

ಆಳು ಇಳಿಯುವ ಮೊದಲು ದೊಡ್ಡವ್ವ ಹಗ್ಗವನ್ನು ಪೂರ್ತಿ ತನ್ನ ಕೈಯೊಳಗೆ ಹಾಯಿಸಿ ನೋಡುವುದು ರೂಢಿ. ಎರಡು ಕೈ ಚಾಚಿದಷ್ಟು ಉದ್ದ ಒಂದು ಮಾರು. ಹಾಗೆ ಮಾರು ಮಾರಾಗಿ, ಕಣ್ಣು ಮುಚ್ಚಿಕೊಂಡು... ಬಾವಿ ಕೆಲಸದವನು ಆಗಲೇ ಒಂದು ತುದಿಯ ಕುಣಿಕೆಯನ್ನು ಸೊಂಟಕ್ಕೆ ಹಾಕಿಕೊಂಡು ನಿಂತಿದ್ದ. ಒಂಬತ್ತನೆಯ ಮಾರಿಗೆ ದೊಡ್ಡವ್ವನ ಕೈ ನಿಂತಿತು. ಹಿಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಬಂತು.

“ಕುಣಿಕೆ ಬಿಚ್ಚಪ್ಪ,” ಎಂದಳು. “ಈ ಹಗ್ಗ ಏನೋ ಎಳೆದೈತೆ.”

ಹೊರಗಿನಿಂದ ನೋಡಿದರೆ ಹಗ್ಗಕ್ಕೆ ಏನೂ ಆಗಿರಲಿಲ್ಲ. ಚೇರ್ಮನ್ನರು ತಾವೇ ಎಳೆದು ನೋಡಿ, ಸರಿಯಾಗೇ ಇದೆಯಲ್ಲ ಎಂದರು. ಹಗ್ಗ ಇರುವುದು ನಿನ್ನ ಮನೆಯಲ್ಲಿ, ಗೂಟದಿಂದ ಇಳಿಸುವವಳು ನೀನು, ಬೇರೆ ಕೆಲಸಕ್ಕೆ ಅದು ಹೋದದ್ದು ಹೇಗೆ ಎಂದು ಕೇಳಿದರು. ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಮುದುಕಿಗೆ ವಯಸ್ಸಾಯಿತು, ಕೈ ಮರೆತಿದೆ ಎಂದು ಹಿಂದಿನಿಂದ ಯಾರೋ ಅಂದರು. ನಲವತ್ತು ವರ್ಷ ಅವಳ ಕೈಯನ್ನೇ ನಂಬಿ ಬಾವಿಗಿಳಿದಿದ್ದ ಊರು ಅದು. ಅವಳ ಮುಖ ಚಿಕ್ಕದಾಯಿತು. ಆದರೂ ಹಗ್ಗದ ಮೇಲಿನ ಹಿಡಿತ ಬಿಡಲಿಲ್ಲ.

ಅಲ್ಲಿ ನಿಂತಿದ್ದವರೆಲ್ಲ ನನ್ನ ಕ್ಲಾಸಿನ ಮಕ್ಕಳ ಅಪ್ಪ ಅಮ್ಮಂದಿರು. ನಾನು ಸುಮ್ಮನಿದ್ದುಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಲಾರಿ ಎಲ್ಲಿಯದೋ, ಡ್ರೈವರು ಯಾರೋ. ಆ ಕೂಸು ನನ್ನನ್ನೇ ನೋಡುತ್ತಿತ್ತು ಎಂದು ಬರೆದರೆ ಸುಳ್ಳಾಗುತ್ತದೆ, ಅದು ನಿದ್ದೆ ಮಾಡುತ್ತಿತ್ತು. ಚೇರ್ಮನ್ನರು ಇಳಿಯಪ್ಪ ಎಂದು ಬಾವಿ ಕೆಲಸದವನಿಗೆ ಕೈಸನ್ನೆ ಮಾಡಿದರು. ಅವನು ಕಟ್ಟೆಯ ಮೇಲೆ ಕಾಲಿಟ್ಟ.

“ನಾನು ಕೊಟ್ಟಿದ್ದೆ,” ಎಂದೆ. “ಲಾರಿ ಎಳೆಯೋಕೆ.”

ದೊಡ್ಡವ್ವ ನನ್ನ ಕಡೆ ತಿರುಗಲೂ ಇಲ್ಲ. ಒಂಬತ್ತನೆಯ ಮಾರಿನಲ್ಲಿ ಹೆಬ್ಬೆರಳು ತೂರಿಸಿ ಹಗ್ಗವನ್ನು ಹಿಂದಕ್ಕೆ ತಿರುವಿ ಬಿಚ್ಚಿದಳು. ಮೂರೆಳೆಯ ಹಗ್ಗ. ಒಂದು ಎಳೆಯ ಒಳಗಿನ ಹುರಿಗಳೆಲ್ಲ ತುಂಡಾಗಿದ್ದವು. ಪುಡಿ ಉದುರಿತು. ಬಾವಿ ಕೆಲಸದವನು ಕಟ್ಟೆಯಿಂದ ಇಳಿದು ಸೊಂಟದ ಕುಣಿಕೆ ಬಿಚ್ಚಿದ. ಅವನ ಹೆಂಡತಿ ಎದ್ದು ಬಂದು ದೊಡ್ಡವ್ವನ ಕೈ ಹಿಡಿದುಕೊಂಡಳು.

ದಾರಿಯುದ್ದಕ್ಕೂ ದೊಡ್ಡವ್ವ ಬಯ್ಯಲಿಲ್ಲ. ಬಯ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಜಗುಲಿಗೆ ಬಂದ ಮೇಲೆ, ಈ ಹಗ್ಗದ ಬಗ್ಗೆ ನಿನ್ನ ಪುಸ್ತಕದಲ್ಲಿ ಏನು ಬರೆದಿದ್ದೀಯ ಓದು ಎಂದಳು. ಓದಿದೆ. ಎರಡೇ ಮಾತು, ಆಳಿನ ಹಗ್ಗ, ದಪ್ಪ ಹಗ್ಗ. ಓದುವಾಗ ನನ್ನ ದನಿ ನನಗೇ ಅಸಹ್ಯವಾಯಿತು.

“ಅದು ಏನು ಹೊರ್ತದೆ ಅಂತ ಬರೀಲೇ ಇಲ್ವಲ್ಲವ್ವ,” ಎಂದಳು. “ಕೂತ್ಕೋ. ನಾರು ತಗೋ.”

ಹೊಸ ಹಗ್ಗಕ್ಕೆ ಆರು ದಿನ ಹಿಡಿಯಿತು. ಬೇಸಿಗೆಯಾದ್ದರಿಂದ ಬೆಳಗಿನ ಸ್ಕೂಲು. ಮಧ್ಯಾಹ್ನ ಬಂದವಳು ಕತ್ತಲಾಗುವ ತನಕ ಹೊಸೆಯುತ್ತಿದ್ದೆ. ನಾನು ಮಾಡಿದ ಹುರಿಯನ್ನು ದೊಡ್ಡವ್ವ ಬೆರಳಲ್ಲಿ ತೀಡಿ ನೋಡಿ, ಬಿಚ್ಚಿ, ಮತ್ತೆ ನಾರಾಗಿ ನನ್ನ ಮಡಿಲಿಗೇ ಹಾಕುತ್ತಿದ್ದಳು. ಮೊದಲ ಎರಡು ದಿನ ನನ್ನದು ಒಂದು ಗೇಣೂ ಉಳಿಯಲಿಲ್ಲ. ಅಂಗೈ ಬೊಬ್ಬೆ ಎದ್ದು ಒಡೆಯಿತು. ಎಣ್ಣೆ ಅರಿಸಿನ ಹಚ್ಚಿ ಮತ್ತೆ ಕೂರಿಸಿದಳು. ಖಾಲಿ ಕೊಡ ಹೊತ್ತು ತೋಟದ ಕಡೆ ಹೋಗುವ ಹೆಂಗಸರು ನಿಂತು, ಹಗ್ಗ ಎಲ್ಲಿಗೆ ಬಂತು ಮೇಡಮ್ನೋರೆ ಎಂದು ಮರ್ಯಾದೆಯಿಂದಲೇ ಕೇಳುತ್ತಿದ್ದರು. ಆ ಆರು ದಿನ ಅವರು ಹೊತ್ತ ನೀರೆಲ್ಲ ನನ್ನ ತಪ್ಪಿನದು ಎಂದು ನನಗೆ ಗೊತ್ತಿತ್ತು. ಮೂರನೆಯ ದಿನ ದೊಡ್ಡವ್ವ ನನ್ನದೊಂದು ಹುರಿಯನ್ನು ತೀಡಿದಳು, ಬಿಚ್ಚಲಿಲ್ಲ. ಅದನ್ನು ಪಕ್ಕಕ್ಕಿಟ್ಟು ಎಲೆಯಡಿಕೆ ಹಾಕಿಕೊಂಡಳು. ಅಷ್ಟು ಖುಷಿ ನನಗೆ ಎಂ.ಎ. ಫಲಿತಾಂಶದ ದಿನವೂ ಆಗಿರಲಿಲ್ಲ.

ಕೊನೆಗೆ ಎರಡು ಎಳೆ ಅವಳದು, ಒಂದು ಎಳೆ ನನ್ನದು. ಹುಣಸೆ ಮರಕ್ಕೆ ಒಂದು ತುದಿ ಕಟ್ಟಿ, ಮೂರನ್ನೂ ಸೇರಿಸಿ ಹಗ್ಗ ಮಾಡಿದೆವು. ಆಮೇಲೆ ದೊಡ್ಡವ್ವ ಆ ಹಗ್ಗದ ಇನ್ನೊಂದು ಕಟ್ಟುಪಾಡನ್ನು ಹೇಳಿದಳು. ಹೊಸ ಹಗ್ಗದಲ್ಲಿ ಮೊದಲು ಇಳಿಯಬೇಕಾದದ್ದು ಅದನ್ನು ಹೊಸೆದವರು. ಅವಳು ತಾನು ಹೊಸೆದ ಪ್ರತಿ ಆಳಿನ ಹಗ್ಗದಲ್ಲೂ ಹಾಗೆ ಇಳಿದು ಬಂದವಳು.

“ನನ್ನ ಎಳೆ ನಂಗೊತ್ತು,” ಎಂದಳು. “ನಿನ್ನ ಎಳೆ ಎಂಗೈತೆ ಅಂತ ನೀನೇ ಇಳಿದು ನೋಡು.”

ಮಾರನೆಯ ಬೆಳಿಗ್ಗೆ ಚೇರ್ಮನ್ನರು ಇದನ್ನು ಕೇಳಿ ಹೌಹಾರಿದರು. ಸ್ಕೂಲಿನ ಮೇಡಮ್ಮಿಗೆ ಏನಾದರೂ ಆದರೆ ಇಲಾಖೆಗೆ ಉತ್ತರ ಹೇಳುವವರು ಯಾರು ಎಂದು ಕೂಗಾಡಿದರು. ನನಗೂ ಹೆದರಿಕೆಯಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಆ ಹಗ್ಗಕ್ಕೆ ನಾನು ಹೆದರಿದರೆ ಇನ್ನೊಬ್ಬನನ್ನು ಅದರಲ್ಲಿ ಇಳಿಸುವುದು ಹೇಗೆ? ಸೀರೆಯನ್ನು ಕಚ್ಚೆ ಹಾಕಿ ಕಟ್ಟಿ, ಕುಣಿಕೆಯೊಳಗೆ ಕೂತೆ. ಬಾವಿ ಕೆಲಸದವನೇ ಗಂಟು ಬಿಗಿದ. ನಾಲ್ಕು ಜನ ಹಗ್ಗ ಹಿಡಿದರು. ಎಲ್ಲರಿಗಿಂತ ಮುಂದೆ, ರಾಟೆಯ ಹತ್ತಿರ, ದೊಡ್ಡವ್ವ ಹಗ್ಗದ ಮೇಲೆ ಅಂಗೈ ಇಟ್ಟು ನಿಂತಳು. ಕಾಲು ಕಟ್ಟೆ ಬಿಟ್ಟಿತು. ಹಗ್ಗ ಒಂದು ಸಲ ಕಿರ್ರೆಂದಿತು, ಬಿಗಿಯಿತು, ಸುಮ್ಮನಾಯಿತು. ಕಲ್ಲಿನ ಸಂದಿನಲ್ಲಿ ಪಾರಿವಾಳದ ಗೂಡುಗಳು, ಅದರ ಕೆಳಗೆ ಒಣಗಿದ ಪಾಚಿ, ಆಮೇಲೆ ತಣ್ಣನೆಯ ಗಾಳಿ. ನಾನು ಕಣ್ಣೆತ್ತಿ ಹಗ್ಗವನ್ನೇ ನೋಡುತ್ತಿದ್ದೆ. ಮೂರರಲ್ಲಿ ನನ್ನ ಎಳೆ ಸ್ವಲ್ಪ ಕಪ್ಪಗಿತ್ತು. ಅದು ಅವಳ ಎರಡು ಎಳೆಗಳ ಜೊತೆ ಸರಿಸಮವಾಗಿ ನನ್ನನ್ನು ಹೊತ್ತಿತ್ತು. ತಳದ ಕೆಸರಿಗೆ ಪಾದ ತಾಗಿದಾಗ ಅಳು ಬಂತು. ಹೆದರಿಕೆಗಲ್ಲ.

ಮೇಲಕ್ಕೆ ಸೇದಿದರು. ದೊಡ್ಡವ್ವ ನನ್ನನ್ನು ಹೊಗಳಲಿಲ್ಲ, ಬೆನ್ನು ತಟ್ಟಲಿಲ್ಲ. ಕುಣಿಕೆ ಬಿಚ್ಚಿ ಬಾವಿ ಕೆಲಸದವನ ಕೈಗೆ ಕೊಟ್ಟು, “ಈಗ ಇಳಿಯಪ್ಪ,” ಎಂದಳು. ಅವನು ಹಗ್ಗವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಇಳಿದ. ಹನ್ನೊಂದನೆಯ ದಿನ ಒರತೆ ಸಿಕ್ಕಿತು. ಅಂದಿನಿಂದ ಆ ಹಗ್ಗದಲ್ಲಿ ಮೇಡಮ್ನೋರ ಎಳೆ ಇದೆ ಎಂದು ಊರಿನಲ್ಲಿ ಹೇಳಿಕೊಳ್ಳುತ್ತಿದ್ದರು. ನನ್ನ ಎಂ.ಎ. ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೆ. ಈ ಮಾತಿಗೆ ಚೌಕಟ್ಟು ಹಾಕಿಸುವ ಹಾಗಿದ್ದರೆ ಅದನ್ನೇ ಹಾಕಿಸುತ್ತಿದ್ದೆ.

ಪಟ್ಟಿಯನ್ನು ಮೊದಲಿನಿಂದ ಬರೆದೆ. ಯಾವ ಪದದ ಮುಂದೆಯೂ ‘ನೋಡಿ’ ಎಂದು ಬರೆಯಲಿಲ್ಲ. ಏನು ಹೊರುತ್ತದೆ, ಏನು ಹೊರಬಾರದು ಎಂದು ಬರೆದೆ. ಆಳಿನ ಹಗ್ಗಕ್ಕೇ ಒಂದೂವರೆ ಪುಟವಾಯಿತು. ಎರಡು ವರ್ಷದ ಮೇಲೆ ಅಚ್ಚಾಗಿ ಬಂದ ಪಟ್ಟಿಯಲ್ಲಿ ಅದು ‘ಒಂದು ಬಗೆಯ ಹಗ್ಗ’ ಎಂದಿತ್ತು. ನನಗೆ ಕೋಪ ಬಂತು. ಓದಿ ಹೇಳಿದರೆ ದೊಡ್ಡವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬರೆದವರನ್ನೂ ಒಂದು ಸಲ ಬಾವಿಗೆ ಇಳಿಸಬೇಕು ಎಂದಳು.

ಆಮೇಲೆ ನನಗೆ ತಿಪಟೂರಿಗೆ ವರ್ಗವಾಯಿತು. ಎಂಬತ್ತರ ದಶಕದ ನಡುವೆ ಯಾವಾಗಲೋ, ಒಂದು ಮಧ್ಯಾಹ್ನ, ಆ ಬಾವಿ ಕೆಲಸದವನು ಬಸ್ಸಿಳಿದು ನನ್ನ ಮನೆ ಹುಡುಕಿಕೊಂಡು ಬಂದ. ಹೆಗಲ ಮೇಲೆ ಹಗ್ಗವಿತ್ತು. ಅವನು ಬಾಯಿ ತೆರೆಯುವ ಮೊದಲೇ ನನಗೆ ತಿಳಿಯಿತು... ದೊಡ್ಡವ್ವ ಹೋಗಿ ಹದಿನೈದು ದಿನವಾಗಿತ್ತು. ಹಗ್ಗವನ್ನು ಮೇಡಮ್ಮಿಗೇ ಕೊಡಬೇಕು ಎಂದು ಹೇಳಿದ್ದಳಂತೆ. ಊರಿಗೆ ಅಷ್ಟು ಹೊತ್ತಿಗೆ ಬೋರ್‌ವೆಲ್ಲು ಬಂದಿತ್ತು, ಬಾವಿಗೆ ಇಳಿಯುವವರು ಇರಲಿಲ್ಲ. ಆದರೂ ಅವನು ಅದನ್ನು ಬಸ್ಸಿನ ಮೇಲೆ ಹಾಕದೆ, ದಾರಿಯುದ್ದಕ್ಕೂ ಹೆಗಲ ಮೇಲೆಯೇ ಇಟ್ಟುಕೊಂಡು ಬಂದಿದ್ದ. ನನ್ನ ಜೀವಮಾನದಲ್ಲಿ ನನಗೆ ಅಷ್ಟು ದೊಡ್ಡ ಮರ್ಯಾದೆ ಯಾರೂ ಮಾಡಿಲ್ಲ.

ಎಷ್ಟು ಊರು ತಿರುಗಿದರೂ, ಎಷ್ಟು ಮನೆ ಬದಲಾಯಿಸಿದರೂ ಅದಕ್ಕೊಂದು ಗೂಟ ಹೊಡೆಸಿದ್ದೇನೆ. ಬಟ್ಟೆ ಒಣಗಿಸಲು ಕೂಡ ಯಾರಿಗೂ ಕೊಟ್ಟಿಲ್ಲ. ವರ್ಷಕ್ಕೊಮ್ಮೆ, ಮಳೆ ಕಳೆದ ಮೇಲೆ, ಬಿಸಿಲಿಗೆ ಹಾಕಿ ಕಣ್ಣು ಮುಚ್ಚಿ ಕೈಯೊಳಗೆ ಹಾಯಿಸುತ್ತೇನೆ. ಹೋದ ತಿಂಗಳು, ಆ ವಾಸನೆ ಬಡಿದ ದಿನ, ಕಾಲವಲ್ಲದ ಕಾಲದಲ್ಲಿ ಅದನ್ನು ಇಳಿಸಿದೆ. ನಾಲ್ಕನೆಯ ಮಾರಿನಲ್ಲಿ ನನ್ನ ಕೈ ನಿಂತಿತು. ಕಣ್ಣು ಬಿಟ್ಟು ನೋಡಿದರೆ ಹೊರಗೆ ಏನೂ ಕಾಣಲಿಲ್ಲ. ಹೆಬ್ಬೆರಳು ತೂರಿಸಿ ಬಿಚ್ಚಿದೆ. ಮೂರು ಎಳೆಗಳಿಂದಲೂ ಪುಡಿ ಉದುರಿತು. ಬಣ್ಣ ಎಲ್ಲ ಒಂದೇ ಆಗಿಬಿಟ್ಟಿತ್ತು, ಅವಳ ಎಳೆ ಯಾವುದು, ನನ್ನದು ಯಾವುದು ಎಂದು ಗುರುತು ಹತ್ತಲಿಲ್ಲ.

ಇದರಲ್ಲಿ ಇನ್ನು ಆಳು ಇಳಿಯುವಂತಿಲ್ಲ ಎಂದು ಗಟ್ಟಿಯಾಗಿಯೇ ಹೇಳಿದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನನ್ನ ಕೈ ತಪ್ಪಿರಲಿಲ್ಲ, ಅವಳು ಕಲಿಸಿದ ಹಾಗೆಯೇ ಸರಿಯಾದ ಜಾಗದಲ್ಲಿ ನಿಂತಿತ್ತು. ಅದನ್ನು ತೋರಿಸಲು ದೊಡ್ಡವ್ವ ಇಲ್ಲವಲ್ಲ ಎಂಬುದೊಂದೇ ನನಗೆ ಸಂಕಟ.